ಗಾಳಿ ಗೆಲ್ಲಿಸಿದರೆ ಗೆದ್ದವರು ಯಾರು?

ಕೊಳದ ದಡದಲ್ಲಿ ಜನ ನೆರೆದಿದ್ದಾರೆ. ಎಲ್ಲರ ಕತ್ತೂ ಮೇಲಕ್ಕೆ. ವಿಮಾನದಿಂದ ಹೊರಕ್ಕೆ ಜಿಗಿದ ಸ್ಪರ್ಧಿಯೊಬ್ಬ ಪ್ಯಾರಾಚೂಟ್ ಬಿಚ್ಚಿಕೊಂಡು ಕೆಳಗೆ ಬರುತ್ತಿದ್ದಾನೆ. ಪ್ಯಾರಾಚೂಟ್ ಎಂದೊಡನೆ ಅರಳೆಯಂತೆ ಮೆಲ್ಲಗೆ ತೇಲಿ ಇಳಿಯುವ ಕೊಡೆಯೊಂದು ಕಣ್ಣಮುಂದೆ ಬರುತ್ತದಲ್ಲವೆ? ಇಲ್ಲಿ ಹಾಗಲ್ಲ. ನೆಲ ಹತ್ತಿರವಾಗುತ್ತಿದ್ದಂತೆ ಈ ಸ್ಪರ್ಧಿ ಒಂದು ಸುತ್ತು, ಕೆಲವೊಮ್ಮೆ ಎರಡು ಸುತ್ತು ತಿರುಗುತ್ತಾ, ಕೋಳಿಮರಿಯ ಮೇಲೆ ಎರಗುವ ಹದ್ದಿನಂತೆ ಕೆಳಕ್ಕೆ ಧುಮುಕುತ್ತಾನೆ. ಇನ್ನೇನು ನೀರಿಗೆ ಅಪ್ಪಳಿಸಿದ ಎನ್ನುವಷ್ಟರಲ್ಲಿ ಅವನ ಹಾದಿ ಬಾಗಿ ನೀರಿಗೆ ಸಮಾಂತರವಾಗುತ್ತದೆ. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಕಾಲು ನೀರಿಗೆ ಸೋಕುವಂತೆ ಸಾಗಿ ಎದುರು ದಡದಲ್ಲಿ ಇಳಿಯುತ್ತಾನೆ.

ಇದರ ಹೆಸರು ಕ್ಯಾನಪಿ ಪೈಲಟಿಂಗ್. ವಾಯುಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಎಐ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು 2006ರಲ್ಲಿ ಆಸ್ಟ್ರಿಯದ ವಿಯೆನ್ನಾದಲ್ಲಿ ನಡೆಸಿತು. ಎರಡನೆಯದು 2008ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ನಡೆಯಿತು. ನೋಡುವವರಿಗೆ ಇದು ರೋಮಾಂಚನ. ಅಂಕ ಹಾಕುವವರಿಗೆ ಮಾತ್ರ ದೊಡ್ಡ ತಲೆನೋವು. ಏಕೆಂದರೆ ಇಲ್ಲಿ ಸ್ಪರ್ಧಿಯ ಜೊತೆಗೆ ಇನ್ನೊಬ್ಬ ಆಟಗಾರನೂ ಅಂಕಣದಲ್ಲಿರುತ್ತಾನೆ. ಅವನೇ ಗಾಳಿರಾಯ!

ಕೊಡೆಯಲ್ಲ, ರೆಕ್ಕೆ

ಹಳೆಯ ದುಂಡು ಪ್ಯಾರಾಚೂಟಿನ ಕೆಲಸ ಒಂದೇ: ಗಾಳಿಯನ್ನು ತಡೆದು ಬೀಳುವ ವೇಗವನ್ನು ತಗ್ಗಿಸುವುದು. ಇಂದಿನ ಕ್ರೀಡಾ ಪ್ಯಾರಾಚೂಟ್ ಬೇರೆ ಜಾತಿಯದು. ಗಾಳಿಪಟಗಳನ್ನು ತಯಾರಿಸುತ್ತಿದ್ದ ಡೊಮಿನಾ ಜಾಲ್ಬರ್ಟ್ ಎಂಬಾತ 1960ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಎರಡು ಪದರ ಬಟ್ಟೆಯ ನಡುವೆ ಸಾಲಾಗಿ ಕೋಣೆಗಳು. ಕೋಣೆಗಳ ಬಾಯಿ ಮುಂದಕ್ಕೆ ತೆರೆದಿರುತ್ತದೆ. ಮುಂದಕ್ಕೆ ಚಲಿಸುವಾಗ ಒಳನುಗ್ಗಿದ ಗಾಳಿ ಕೋಣೆಗಳನ್ನು ಉಬ್ಬಿಸಿ ಬಟ್ಟೆಗೆ ವಿಮಾನದ ರೆಕ್ಕೆಯ ಆಕಾರ ಕೊಡುತ್ತದೆ. ಹೀಗಾಗಿ ಇದು ಬೀಳುವುದಿಲ್ಲ, ಹಾರುತ್ತದೆ.

ಪೈಲಟ್ ತಿರುಗುತ್ತಾ ಧುಮುಕಿದಾಗ ಎತ್ತರದಲ್ಲಿ ಅಡಗಿದ್ದ ಪ್ರಚ್ಛನ್ನ ಶಕ್ತಿ ಚಲನಶಕ್ತಿಯಾಗುತ್ತದೆ. ಆ ವೇಗವನ್ನು ನೀರಿನ ಮಟ್ಟದಲ್ಲಿ ಹೇಗೆ ಖರ್ಚು ಮಾಡುತ್ತಾನೆ ಎಂಬುದೇ ಸ್ಪರ್ಧೆ. ಅದರಲ್ಲಿ ಮುಖ್ಯವಾಗಿ ಮೂರು ಪರೀಕ್ಷೆಗಳು. ಮೊದಲನೆಯದು ದೂರ: ಹತ್ತು ಮೀಟರ್ ಅಗಲದ ಪ್ರವೇಶದ್ವಾರವನ್ನು ಒಂದೂವರೆ ಮೀಟರಿಗಿಂತ ಕೆಳಗೆ ದಾಟಿ, ನೆಲ ಮುಟ್ಟದೆ ಎಷ್ಟು ದೂರ ಸಾಗಬಲ್ಲ ಎಂಬುದು. ಎರಡನೆಯದು ವೇಗ: ಎಪ್ಪತ್ತು ಮೀಟರಿನ ಬಾಗಿದ ಹಾದಿಯನ್ನು ಎಷ್ಟು ಬೇಗ ಮುಗಿಸುತ್ತಾನೆ ಎಂಬುದು, ನುರಿತವರಿಗೆ ಎರಡು ಮೂರು ಸೆಕೆಂಡುಗಳ ಕೆಲಸ. ಮೂರನೆಯದು ನಿಖರತೆ: ನೀರಿನ ಮೇಲಿನ ದ್ವಾರಗಳ ನಡುವೆ ನೀರನ್ನು ಸೋಕುತ್ತಾ ಸಾಗಿ, ದಡದಲ್ಲಿ ಗುರುತು ಮಾಡಿದ ಜಾಗದಲ್ಲೇ ನಿಲ್ಲಬೇಕು. ಪ್ರವೇಶದ್ವಾರ ತಪ್ಪಿತೋ, ಆ ಸುತ್ತಿಗೆ ಸೊನ್ನೆ.

ನೂರಕ್ಕೆ ನೂರು ಯಾರಿಗೆ?

ಒಂದರಲ್ಲಿ ಮೀಟರ್, ಇನ್ನೊಂದರಲ್ಲಿ ಸೆಕೆಂಡ್, ಮತ್ತೊಂದರಲ್ಲಿ ತೀರ್ಪುಗಾರರು ಕೊಡುವ ಅಂಕ. ಇವನ್ನು ಕೂಡಿಸುವುದು ಹೇಗೆ? ಸೇರು ಅಕ್ಕಿಗೆ ಮಾರು ಬಟ್ಟೆ ಕೂಡಿಸಲು ಬರುವುದಿಲ್ಲ. ಆದ್ದರಿಂದ ಈ ಕ್ರೀಡೆಯಲ್ಲಿ ಒಂದು ಸರಳ ಉಪಾಯವಿದೆ. ಪ್ರತಿ ಸುತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದವರಿಗೆ ನೂರು ಅಂಕ. ಉಳಿದವರಿಗೆ ಅವರ ಸಾಧನೆಯ ಅನುಪಾತದಲ್ಲಿ. ಅತಿ ಹೆಚ್ಚು ದೂರ 120 ಮೀಟರ್ ಆಗಿದ್ದರೆ 108 ಮೀಟರ್ ಸಾಗಿದವರಿಗೆ 90 ಅಂಕ. ವೇಗದಲ್ಲಿ ಅತಿ ಕಡಿಮೆ ಕಾಲ 2.40 ಸೆಕೆಂಡ್ ಆಗಿದ್ದರೆ 2.50 ಸೆಕೆಂಡ್ ತೆಗೆದುಕೊಂಡವರಿಗೆ 2.40 ಭಾಗಿಸು 2.50, ಅಂದರೆ 96 ಅಂಕ.

ಈ ಉಪಾಯಕ್ಕೆ ಒಂದು ಒಳ್ಳೆಯ ಗುಣವಿದೆ. ವಿಯೆನ್ನಾ ಸಮುದ್ರಮಟ್ಟದಿಂದ ಇನ್ನೂರು ಮೀಟರಿನ ಆಸುಪಾಸಿನಲ್ಲಿದೆ. ಪ್ರಿಟೋರಿಯಾ ಸುಮಾರು 1300 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇಕಡಾ 12ರಷ್ಟು ಕಡಿಮೆ. ತೆಳು ಗಾಳಿಯಲ್ಲಿ ಅದೇ ತೂಕವನ್ನು ಹೊರಲು ರೆಕ್ಕೆ ಹೆಚ್ಚು ವೇಗವಾಗಿ ಹಾರಬೇಕಾಗುತ್ತದೆ. ಲೆಕ್ಕ ಹಾಕಿದರೆ ಶೇಕಡಾ 6ರಷ್ಟು ಹೆಚ್ಚು. ಡೆಕಾಥ್ಲಾನ್‌ನಲ್ಲಿರುವಂತೆ ಇಂತಿಷ್ಟು ಮೀಟರಿಗೆ ಇಂತಿಷ್ಟು ಅಂಕ ಎಂಬ ಕಾಯಂ ಕೋಷ್ಟಕವನ್ನು ಇಲ್ಲಿ ತಂದರೆ ಎತ್ತರದ ಊರಿನಲ್ಲಿ ಹಾರಿದವರಿಗೆ ಪುಕ್ಕಟೆ ಅಂಕ ಸಿಗುತ್ತದೆ. ಸುತ್ತಿನ ಉತ್ತಮ ಸಾಧನೆಯನ್ನೇ ಅಳತೆಗೋಲಾಗಿ ಮಾಡಿಕೊಂಡಾಗ ಆ ಊರಿನ, ಆ ದಿನದ ಹವೆ ಎಲ್ಲರಿಗೂ ಒಂದೇ ಆಗಿ ಕಳೆದುಹೋಗುತ್ತದೆ.

ಆದರೆ ಆ ಸುತ್ತಿನ ಉದ್ದಕ್ಕೂ ಹವೆ ಒಂದೇ ಆಗಿದ್ದರೆ ಮಾತ್ರ! ತೊಡಕು ಇರುವುದು ಇಲ್ಲೇ.

ಗಾಳಿಯ ಪಾಲು

ಹರಿಯುವ ಹೊಳೆಯಲ್ಲಿ ಈಜುವವರನ್ನು ಹೊಳೆ ತನ್ನೊಡನೆ ಒಯ್ಯುತ್ತದೆ. ಗಾಳಿಯಲ್ಲಿ ಹಾರುವ ರೆಕ್ಕೆಗೂ ಅಷ್ಟೇ. ಒಬ್ಬ ಪೈಲಟ್ ದ್ವಾರ ದಾಟಿದ ಮೇಲೆ ಆರು ಸೆಕೆಂಡ್ ಹಾರಿದನೆಂದುಕೊಳ್ಳಿ. ಸೆಕೆಂಡಿಗೆ 2 ಮೀಟರ್ ವೇಗದ ಹಿಂಗಾಳಿ ಬೀಸುತ್ತಿದ್ದರೆ ಅದು ಅವನನ್ನು 12 ಮೀಟರ್ ಹೆಚ್ಚು ದೂರಕ್ಕೆ ಒಯ್ಯುತ್ತದೆ. ಮುಂದಿನ ಸ್ಪರ್ಧಿ ಬರುವ ಹೊತ್ತಿಗೆ ಅಷ್ಟೇ ವೇಗದ ಎದುರುಗಾಳಿ ಎದ್ದರೆ ಅವನಿಗೆ 12 ಮೀಟರ್ ನಷ್ಟ. ಇಬ್ಬರ ನಡುವೆ 24 ಮೀಟರ್ ಅಂತರ. ಕೌಶಲದಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸೆಕೆಂಡಿಗೆ 2 ಮೀಟರ್ ಎಂದರೆ ಬಿರುಗಾಳಿಯಲ್ಲ, ಮುಖಕ್ಕೆ ಹಿತವಾಗಿ ತಾಗುವ ತಂಗಾಳಿ ಅಷ್ಟೆ.

ಇದರ ಪರಿಣಾಮ ಎಲ್ಲಿಯವರೆಗೆ ಹೋದೀತು? ಎಲ್ಲ ವಿಷಯದಲ್ಲೂ ಸರಿಸಾಟಿಯಾದ ‘ಕ’ ಮತ್ತು ‘ಖ’ ಎಂಬ ಇಬ್ಬರು ಪೈಲಟ್‌ಗಳನ್ನು ಕಲ್ಪಿಸಿಕೊಳ್ಳಿ. ವೇಗದಲ್ಲಿ ಮಾತ್ರ ‘ಕ’ ಒಂದು ಕೈ ಮೇಲು. ವೇಗದ ಮೂರೂ ಸುತ್ತುಗಳಲ್ಲಿ ಅವನದು 2.40 ಸೆಕೆಂಡ್, ‘ಖ’ನದು 2.50. ಅಂಕ: ‘ಕ’ 300, ‘ಖ’ 288. ದೂರದ ಎರಡು ಸುತ್ತುಗಳಲ್ಲಿ ಇಬ್ಬರೂ ಸಮ, ತಲಾ 200. ಮೂರನೆಯ ಸುತ್ತಿನಲ್ಲಿ ‘ಖ’ ಹಾರುವಾಗ ಹಿಂಗಾಳಿ ಬೀಸಿ 120 ಮೀಟರ್ ಸಾಗಿದ; ‘ಕ’ ಹಾರುವಾಗ ಗಾಳಿ ತಿರುಗಿ 102 ಮೀಟರಿಗೇ ನಿಂತ. ಅಂಕ 100 ಮತ್ತು 85. ಒಟ್ಟು ಕೂಡಿಸಿ: ‘ಕ’ 585, ‘ಖ’ 588. ಮೂರು ಸಲ ಕೌಶಲದಿಂದ ಗೆದ್ದವನು ಒಂದು ಬೀಸುಗಾಳಿಗೆ ಸೋತ!

ಇಷ್ಟಕ್ಕೇ ಮುಗಿಯಲಿಲ್ಲ. ಸುತ್ತಿನ ಉತ್ತಮ ಸಾಧನೆ ಅಳತೆಗೋಲಾದ್ದರಿಂದ, ಒಬ್ಬರಿಗೆ ಬಂದ ಅದೃಷ್ಟದ ಗಾಳಿ ಎಲ್ಲರ ಅಂಕವನ್ನೂ ಅಲುಗಿಸುತ್ತದೆ. 120 ಮತ್ತು 114 ಮೀಟರ್ ಸಾಗಿದ ಇಬ್ಬರಿಗೆ 100 ಮತ್ತು 95 ಅಂಕ ಬರಬೇಕಾಗಿತ್ತು. ಮೂರನೆಯವರೊಬ್ಬರು ಗಾಳಿಯ ಬಲದಿಂದ 150 ಮೀಟರ್ ಮುಟ್ಟಿಬಿಟ್ಟರೆ ಆ ಇಬ್ಬರ ಅಂಕ 80 ಮತ್ತು 76ಕ್ಕೆ ಇಳಿಯುತ್ತದೆ. ಅವರ ನಡುವಿನ ಐದು ಅಂಕಗಳ ಅಂತರ ನಾಲ್ಕಾಗುತ್ತದೆ. ಅವರು ಮಾಡಿದ ತಪ್ಪೇನೂ ಇಲ್ಲ.

ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಜೆಇಇ ಮೈನ್ ಪರೀಕ್ಷೆ ಹಲವು ಪಾಳಿಗಳಲ್ಲಿ ನಡೆಯುತ್ತದೆ. ಒಂದು ಪಾಳಿಯ ಪ್ರಶ್ನೆಪತ್ರಿಕೆ ಸುಲಭ, ಇನ್ನೊಂದರದು ಕಠಿಣವಾಗಬಹುದು. ಆದ್ದರಿಂದ 2019ರಿಂದ ಅಲ್ಲಿ ಪರ್ಸೆಂಟೈಲ್ ಲೆಕ್ಕ ಹಾಕುತ್ತಾರೆ: ನಿಮ್ಮ ಪಾಳಿಯಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರು ನೂರಕ್ಕೆ ಎಷ್ಟು ಮಂದಿ? ಇದೂ ಹೋಲಿಕೆಯ ಅಳತೆಯೇ. ಆದರೆ ಹೋಲಿಕೆ ಇಡೀ ಗುಂಪಿನೊಡನೆ ನಡೆಯುವುದರಿಂದ ಒಬ್ಬ ಅಸಾಧಾರಣ ಬುದ್ಧಿವಂತ ಬಂದರೂ ಉಳಿದವರ ಪರ್ಸೆಂಟೈಲ್ ಕುಸಿಯುವುದಿಲ್ಲ. ಸಾವಿರಾರು ಮಂದಿ ಇರುವಲ್ಲಿ ಈ ದಾರಿ ನಡೆಯುತ್ತದೆ. ಕೆಲವೇ ಹತ್ತು ಮಂದಿ ಪೈಲಟ್‌ಗಳಿರುವ ಸ್ಪರ್ಧೆಗೆ ಇದನ್ನು ತಂದರೆ ಒಂದು ಅಂಗುಲದಿಂದ ಸೋತವರಿಗೂ ಹತ್ತು ಮೀಟರಿನಿಂದ ಸೋತವರಿಗೂ ಒಂದೇ ಸ್ಥಾನ ಸಿಕ್ಕಿ, ಸಾಧನೆಯ ಪ್ರಮಾಣವೇ ಮರೆಯಾದೀತು.

ಗಡಿಯೇ, ಇಳಿಜಾರೇ?

ಗಾಳಿಯೊಡನೆ ಗುದ್ದಾಡುವ ಇತರ ಕ್ರೀಡೆಗಳು ಎರಡು ದಾರಿಗಳನ್ನು ಹಿಡಿದಿವೆ.

ಮೊದಲನೆಯದು ಗಡಿ ಹಾಕುವುದು. ಉದ್ದ ಜಿಗಿತದಲ್ಲಿ ಸೆಕೆಂಡಿಗೆ 2.0 ಮೀಟರಿಗಿಂತ ಹೆಚ್ಚಿನ ಹಿಂಗಾಳಿ ಇದ್ದರೆ ಆ ಜಿಗಿತ ದಾಖಲೆಯ ಪುಸ್ತಕಕ್ಕೆ ಸೇರದು. 1968ರಲ್ಲಿ ಮೆಕ್ಸಿಕೋ ನಗರದಲ್ಲಿ ಬಾಬ್ ಬೀಮನ್ 8.90 ಮೀಟರ್ ಜಿಗಿದು ಲೋಕವನ್ನು ಬೆರಗುಗೊಳಿಸಿದಾಗ ಗಾಳಿಮಾಪಕ ತೋರಿಸಿದ್ದು ಸರಿಯಾಗಿ 2.0. ದಾಖಲೆ ಉಳಿಯಿತು. 1991ರಲ್ಲಿ ಟೋಕಿಯೋದಲ್ಲಿ ಮೈಕ್ ಪೊವೆಲ್ 8.95 ಮೀಟರ್ ಜಿಗಿದು ಅದನ್ನು ಮುರಿದ. ಮರುವರ್ಷ ಇಟಲಿಯ ಸೆಸ್ಟ್ರಿಯೆರ್‌ನಲ್ಲಿ ಅವನೇ 8.99 ಮೀಟರ್ ಜಿಗಿದರೂ ಹಿಂಗಾಳಿ 4.4 ಇದ್ದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. 1995ರಲ್ಲಿ ಅದೇ ಊರಿನಲ್ಲಿ ಕ್ಯೂಬಾದ ಇವಾನ್ ಪೆಡ್ರೊಸೊ 8.96 ಮೀಟರ್ ಜಿಗಿದ. ಗಾಳಿಮಾಪಕ ಗಡಿಯೊಳಗಿನ ಅಂಕಿಯನ್ನೇ ತೋರಿಸಿತ್ತು. ಆದರೆ ಮಾಪಕದ ಮುಂದೆ ಯಾರೋ ಅಡ್ಡ ನಿಂತಿದ್ದರೆಂಬ ಆಕ್ಷೇಪ ಬಂದು ಆ ಜಿಗಿತ ವಿಶ್ವದಾಖಲೆಯಾಗಲಿಲ್ಲ. ಅಳೆಯುವ ಯಂತ್ರದ ಮುಂದೆ ಯಾರು ನಿಂತಿದ್ದಾರೆ ಎಂಬುದೂ ನ್ಯಾಯದ ಒಂದು ಭಾಗ!

ಗಡಿಯ ನಿಯಮ ಸರಳ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅದು ಕತ್ತರಿಯಂತೆ. 2.0 ಹಿಂಗಾಳಿ ಪಡೆದವರಿಗೆ ಪೂರ್ತಿ ಲಾಭ, 2.1 ಪಡೆದವರಿಗೆ ದಾಖಲೆಯ ಬಾಗಿಲು ಬಂದ್. ಎದುರುಗಾಳಿಯಲ್ಲಿ ಓಡಿ ಜಿಗಿದವರಿಗೆ ಯಾವ ಪರಿಹಾರವೂ ಇಲ್ಲ.

ಎರಡನೆಯ ದಾರಿ ಸ್ಕೀ ಜಂಪಿಂಗ್‌ನವರದು. ಹಿಮದ ಇಳಿಜಾರಿನಿಂದ ಚಿಮ್ಮಿ ಹಾರುವ ಈ ಕ್ರೀಡೆಯಲ್ಲಿ 2009ರ ಬೇಸಿಗೆಯ ಸ್ಪರ್ಧೆಗಳಲ್ಲಿ ಮೊದಲು ಪ್ರಯೋಗಿಸಿ, ಬಳಿಕ ವಿಶ್ವಕಪ್‌ನಲ್ಲೂ ಗಾಳಿಯ ಅಂಕವನ್ನು ತಂದರು. ಇಳಿಜಾರಿನ ಉದ್ದಕ್ಕೂ ಹಲವು ಕಡೆ ಗಾಳಿಮಾಪಕಗಳಿರುತ್ತವೆ. ಅನುಕೂಲದ ಗಾಳಿ ಸಿಕ್ಕವರಿಗೆ ಅಂಕ ಕಳೆಯುತ್ತಾರೆ. ಪ್ರತಿಕೂಲದ ಗಾಳಿ ಸಿಕ್ಕವರಿಗೆ ಕೂಡಿಸುತ್ತಾರೆ. ಒಂದು ಸ್ವಾರಸ್ಯ ನೋಡಿ: ಅಲ್ಲಿ ಅನುಕೂಲ ಮಾಡುವುದು ಎದುರುಗಾಳಿ! ಸ್ಕೀ ಜಿಗಿತಗಾರ ಇಳಿಜಾರಿನ ಮೇಲೆ ಕೆಳಮುಖವಾಗಿ ಹಾರುತ್ತಾನೆ. ಎದುರುಗಾಳಿ ಅವನನ್ನು ಎತ್ತಿ ಹಿಡಿದು ಹೆಚ್ಚು ಹೊತ್ತು ಗಾಳಿಯಲ್ಲಿ ಉಳಿಸುತ್ತದೆ. ಕೊಳದ ಮೇಲಿನ ಪ್ಯಾರಾಚೂಟ್ ಪೈಲಟ್‌ಗೆ ದೂರ ಕೊಡುವುದು ಹಿಂಗಾಳಿ. ಗಾಳಿ ಒಂದೇ, ಅದರ ಲೆಕ್ಕವನ್ನು ಪ್ರತಿ ಕ್ರೀಡೆಗೂ ಹೊಸದಾಗಿ ಹಾಕಬೇಕು.

ಇದು ಗಡಿಯಲ್ಲ, ಇಳಿಜಾರು: ಗಾಳಿ ಹೆಚ್ಚಿದಷ್ಟೂ ತಿದ್ದುಪಡಿ ಹೆಚ್ಚು. ಕ್ಯಾನಪಿ ಪೈಲಟಿಂಗ್‌ನ ದೂರದ ಸ್ಪರ್ಧೆಗೆ ಇದನ್ನು ತರಲು ಬೇಕಾದ್ದು ಎರಡೇ ಅಳತೆ: ಹಾರಿದ ಕಾಲ, ಆ ಹೊತ್ತಿನ ಗಾಳಿಯ ವೇಗ. ಎರಡನ್ನೂ ಗುಣಿಸಿ ಹಿಂಗಾಳಿಯಾದರೆ ಕಳೆಯಿರಿ, ಎದುರುಗಾಳಿಯಾದರೆ ಕೂಡಿಸಿ. ಆದರೆ ಗಾಳಿ ಕೊಳದ ಈ ತುದಿಯಲ್ಲಿ ಒಂದು ಥರ, ಆ ತುದಿಯಲ್ಲಿ ಇನ್ನೊಂದು ಥರ. ನೀರಿನ ಮಟ್ಟದಲ್ಲಿ ನಿಧಾನ, ಬಟ್ಟೆಯ ರೆಕ್ಕೆಯಿರುವ ಎತ್ತರದಲ್ಲಿ ಚುರುಕು. ಒಂದೇ ಮಾಪಕದ ಮಾತನ್ನು ನಂಬಿ ತಿದ್ದಿದರೆ ಹಳೆಯ ತಪ್ಪಿನ ಜಾಗದಲ್ಲಿ ಹೊಸ ತಪ್ಪು ಕೂರುತ್ತದೆ. ಇನ್ನೊಂದು ಬೆಲೆಯೂ ಇದೆ. ಎಲ್ಲರಿಗಿಂತ ದೂರ ಹೋದವರು ಕಣ್ಣೆದುರೇ ಸೋಲುತ್ತಾರೆ. ದಡದಲ್ಲಿ ನಿಂತ ಪ್ರೇಕ್ಷಕ ಕಾಗದ ಪೆನ್ಸಿಲ್ ಹಿಡಿಯಬೇಕಾಗುತ್ತದೆ.

ಹೆಸರಿಗೆ ನೂರು, ತೂಕಕ್ಕೆ ಬೇರೆ

ಗಾಳಿಯನ್ನು ಬದಿಗಿಟ್ಟರೂ ಒಂದು ಸೂಕ್ಷ್ಮ ಉಳಿಯುತ್ತದೆ. ವೇಗದ ಸುತ್ತಿನಲ್ಲಿ ಮೂವರ ಅಂಕ 100, 96, 92 ಎಂದಿರಲಿ. ದೂರದ ಸುತ್ತಿನಲ್ಲಿ 100, 85, 70. ಎರಡಕ್ಕೂ ಗರಿಷ್ಠ ನೂರೇ. ಆದರೆ ವೇಗದಲ್ಲಿ ಕೊನೆಯವರಾದರೆ ಕಳೆದುಕೊಳ್ಳುವುದು 8 ಅಂಕ, ದೂರದಲ್ಲಿ ಕೊನೆಯವರಾದರೆ 30. ಅಂದರೆ ಒಟ್ಟು ಫಲಿತಾಂಶದಲ್ಲಿ ದೂರಕ್ಕೆ ಹೆಚ್ಚುಕಡಿಮೆ ನಾಲ್ಕು ಪಟ್ಟು ತೂಕ. ಶಾಲೆಯಲ್ಲೂ ಹೀಗೇ: ಭಾಷೆಯಲ್ಲಿ ಎಲ್ಲರೂ 75ರಿಂದ 90ರ ಒಳಗೆ, ಗಣಿತದಲ್ಲಿ 35ರಿಂದ 100ರವರೆಗೆ ಹರಡಿದ್ದರೆ ತರಗತಿಯ ರ‍್ಯಾಂಕ್ ನಿರ್ಧರಿಸುವುದು ಗಣಿತವೇ. ಎರಡಕ್ಕೂ ನೂರು ನೂರು ಅಂಕ ಎಂದು ಅಂಕಪಟ್ಟಿ ಹೇಳುತ್ತಿರುತ್ತದೆ, ಅಷ್ಟೆ.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮದ್ದಿದೆ. ಪ್ರತಿ ಅಂಕದಿಂದ ಸುತ್ತಿನ ಸರಾಸರಿಯನ್ನು ಕಳೆದು, ಮಾನಕ ವಿಚಲನೆಯಿಂದ ಭಾಗಿಸಿದರೆ ಎರಡೂ ಪರೀಕ್ಷೆಗಳ ಹರವು ಒಂದೇ ಆಗುತ್ತದೆ. ಆದರೆ ಮದ್ದಿಗೂ ಪಥ್ಯವಿದೆ. ಎಲ್ಲರೂ ನಿಜವಾಗಿಯೇ ಸಮಬಲರಾಗಿದ್ದ ಸುತ್ತಿನಲ್ಲಿ ಈ ಲೆಕ್ಕ ಚಿಕ್ಕಪುಟ್ಟ ವ್ಯತ್ಯಾಸಗಳನ್ನು ಹಿಗ್ಗಿಸಿ ಬೆಟ್ಟ ಮಾಡುತ್ತದೆ. ದ್ವಾರ ತಪ್ಪಿದ ಒಬ್ಬರ ಸೊನ್ನೆ ಸೇರಿಕೊಂಡರೆ ಸರಾಸರಿ, ವಿಚಲನೆ ಎರಡೂ ಕೆಡುತ್ತವೆ.

ಅದೃಷ್ಟದ ಪಾಲನ್ನು ತಗ್ಗಿಸಲು ಎಲ್ಲಕ್ಕಿಂತ ಹಳೆಯ, ನಂಬಲರ್ಹ ದಾರಿ ಒಂದೇ: ಮತ್ತೆ ಮತ್ತೆ ಅಳೆಯುವುದು. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನವನ್ನು ಒಂದೇ ಸಲ ಅಳೆದು ಬಿಡುವುದಿಲ್ಲವಷ್ಟೆ? ಗೊತ್ತುಗುರಿಯಿಲ್ಲದೆ ಬರುವ ದೋಷಗಳು ಸರಾಸರಿಯಲ್ಲಿ ಅಳತೆಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ಕುಗ್ಗುತ್ತವೆ. ಮೂರು ಸುತ್ತಿಗೆ ಗಾಳಿಯ ಆಟ ಸುಮಾರು 1.7ರಲ್ಲಿ ಒಂದು ಪಾಲಾದರೆ ಒಂಬತ್ತು ಸುತ್ತಿಗೆ ಮೂರರಲ್ಲಿ ಒಂದು ಪಾಲು. ಆದರೆ ಪ್ರತಿ ಸುತ್ತಿಗೂ ವಿಮಾನ ಮೇಲೇರಬೇಕು, ಇಂಧನ ಉರಿಯಬೇಕು, ಹವೆ ಕಾಯಬೇಕು. ನ್ಯಾಯಕ್ಕೂ ಖರ್ಚಿದೆ.

ಅಂಕದ ಹಿಂದೆ ಪ್ರಾಣ

ಈ ಕ್ರೀಡೆಯಲ್ಲಿ ಅಂಕದ ನಿಯಮ ಬರೆಯುವವರು ಮರೆಯಬಾರದ ಮಾತು ಇನ್ನೊಂದಿದೆ. ಪ್ಯಾರಾಚೂಟ್ ಅಪಘಾತ ಎಂದರೆ ಕೊಡೆ ಬಿಚ್ಚಿಕೊಳ್ಳದಿರುವುದು ಎಂದು ಸಾಮಾನ್ಯ ನಂಬಿಕೆ. ಆದರೆ ಸರಿಯಾಗಿ ಬಿಚ್ಚಿಕೊಂಡ, ಯಾವ ದೋಷವೂ ಇಲ್ಲದ ಪ್ಯಾರಾಚೂಟಿನಡಿಯಲ್ಲೇ, ನೆಲದ ಹತ್ತಿರ ತೀವ್ರವಾಗಿ ತಿರುಗಿ ಪ್ರಾಣ ಕಳೆದುಕೊಂಡವರೂ ಅನೇಕರಿದ್ದಾರೆ. ನೆಲಕ್ಕಿಂತ ನೀರು ಮೃದು ಎಂದೇ ಸ್ಪರ್ಧೆಯ ಹಾದಿ ಕೊಳದ ಮೇಲಿರುತ್ತದೆ. ದ್ವಾರದ ಕಂಬಗಳೂ ಡಿಕ್ಕಿ ಹೊಡೆದರೆ ಬಾಗುವಂಥವು.

ಈಗ ಸೊನ್ನೆಯ ನಿಯಮವನ್ನು ಮತ್ತೆ ನೋಡಿ. ಧುಮುಕುವಾಗ ಲೆಕ್ಕ ತಪ್ಪಿತೆಂದು ತಿಳಿದ ಪೈಲಟ್ ವಿವೇಕದಿಂದ ದ್ವಾರವನ್ನು ಬಿಟ್ಟು ಸುರಕ್ಷಿತವಾಗಿ ಇಳಿದರೆ ಅವನಿಗೆ ಸೊನ್ನೆ. ಪ್ರಾಣವನ್ನು ಪಣಕ್ಕಿಟ್ಟು ಹೇಗೋ ತೂರಿಕೊಂಡವನಿಗೆ ಅಂಕ. ವಿವೇಕಕ್ಕೆ ದಂಡ, ದುಡುಕಿಗೆ ಬಹುಮಾನ! ಪ್ರತಿಯೊಬ್ಬರ ಅತಿ ಕೆಟ್ಟ ಸುತ್ತನ್ನು ಲೆಕ್ಕದಿಂದ ಬಿಟ್ಟರೆ ಹೇಗೆ? ಆಗ ವಿವೇಕಿಗೆ ಒಂದು ಆಸರೆ ಸಿಗುತ್ತದೆ. ಆದರೆ ಅದೇ ನಿಯಮವನ್ನು ನೆಚ್ಚಿಕೊಂಡು ಇನ್ನೊಬ್ಬ, ‘ಒಂದು ಸುತ್ತು ಹೋದರೂ ಹೋಗಲಿ’ ಎಂದು ಹುಚ್ಚು ಸಾಹಸಕ್ಕೆ ಇಳಿಯಬಹುದು. ಆದ್ದರಿಂದ ಆ ಸವಲತ್ತು ಬೇಕಾದರೆ ಅದರ ಜೊತೆಗೆ, ಅಪಾಯಕರವಾಗಿ ಇಳಿದವರ ಸುತ್ತನ್ನು ಬಿಡಲು ಅವಕಾಶವಿಲ್ಲವೆಂಬ ಷರತ್ತೂ ಇರಬೇಕು. ನಿಯಮ ಬರೀ ಫಲಿತಾಂಶ ಹೇಳುವುದಿಲ್ಲ. ಆಡುವವರು ಹೇಗೆ ಆಡಬೇಕೆಂಬುದನ್ನೂ ಕಲಿಸುತ್ತದೆ. ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಂದರೆ ಮಕ್ಕಳು ಊಹಿಸಿ ಬರೆಯುವುದನ್ನು ಬಿಡುತ್ತಾರಲ್ಲ, ಹಾಗೆ.

ಹಾಗಾದರೆ ಪೂರ್ಣ ನ್ಯಾಯದ ಅಂಕಪದ್ಧತಿ ಯಾವುದು? ಅಂಥದ್ದು ಯಾವುದೂ ಇಲ್ಲ. ಒಂದೊಂದು ಪದ್ಧತಿಯೂ ಒಂದೊಂದು ದೋಷವನ್ನು ತಿದ್ದಿ ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಒಳ್ಳೆಯ ನಿಯಮವನ್ನು ಗುರುತಿಸಲು ಮೂರು ಲಕ್ಷಣಗಳಿವೆ. ಅದು ಆಟ ಶುರುವಾಗುವ ಮುಂಚೆಯೇ ಎಲ್ಲರಿಗೂ ತಿಳಿದಿರುತ್ತದೆ. ತನ್ನ ಅಳತೆಯಲ್ಲಿರುವ ದೋಷವನ್ನು ಮುಚ್ಚಿಡುವುದಿಲ್ಲ. ವಿವೇಕದಿಂದ ಹಿಂದೆ ಸರಿದವರನ್ನು ದುಡುಕಿದವರಿಗಿಂತ ಕೀಳು ಮಾಡುವುದಿಲ್ಲ.

ಮಾಡಿ ನೋಡಿ

ಇದನ್ನು ಪರೀಕ್ಷಿಸಲು ವಿಮಾನವೂ ಬೇಡ, ಕೊಳವೂ ಬೇಡ. ನಾಲ್ಕೈದು ಮಂದಿ ಸೇರಿ ಕಾಗದದ ವಿಮಾನ ಮಾಡಿ. ಮನೆಯ ಹಜಾರದಲ್ಲಿ ಒಂದು ಮೇಜುಫ್ಯಾನ್ ಇಟ್ಟು, ಅದು ಅತ್ತಿತ್ತ ತಿರುಗುತ್ತಿರುವಂತೆ ಬಿಡಿ. ಪ್ರತಿಯೊಬ್ಬರೂ ಮೂರು ಸುತ್ತು ಎಸೆದು, ವಿಮಾನ ಹಾರಿದ ದೂರವನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಈಗ ಫಲಿತಾಂಶವನ್ನು ಮೂರು ಬಗೆಯಲ್ಲಿ ಲೆಕ್ಕ ಹಾಕಿ. ಒಂದು: ಮೂರೂ ದೂರಗಳ ಮೊತ್ತ. ಎರಡು: ಪ್ರತಿ ಸುತ್ತಿನ ಉತ್ತಮ ದೂರಕ್ಕೆ ನೂರು ಕೊಟ್ಟು ಉಳಿದವರಿಗೆ ಅನುಪಾತದ ಅಂಕ. ಮೂರು: ಪ್ರತಿಯೊಬ್ಬರ ಅತಿ ಕೆಟ್ಟ ಎಸೆತವನ್ನು ಬಿಟ್ಟು ಉಳಿದೆರಡರ ಮೊತ್ತ.

ಮೂರರಲ್ಲೂ ಒಬ್ಬರೇ ಗೆದ್ದರೆ ಅವರ ಗೆಲುವು ಗಟ್ಟಿ. ಬೇರೆ ಬೇರೆಯವರು ಗೆದ್ದರೆ ಮನೆಯಲ್ಲಿ ಜಗಳ ಖಂಡಿತ! ಆ ಜಗಳವನ್ನು ತಡೆಯುವ ದಾರಿ ಒಂದೇ. ಮೊದಲ ವಿಮಾನ ಕೈಬಿಡುವ ಮುಂಚೆಯೇ ಯಾವ ಲೆಕ್ಕ ಎಂಬುದನ್ನು ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅಪ್ಪ ಅಮ್ಮಂದಿರೂ ಆಟದಲ್ಲಿದ್ದರೆ ಅವರ ಸಹಿಯನ್ನೂ ಪಡೆಯಿರಿ.